ಅಮ್ಮಿಯ ಮುಖಕ್ಕೆ ಬಿದ್ದ ಬೆಳಕು

ನನ್ನ ಜಾಮಿಟ್ರಿ ಬಾಕ್ಸಿನಲ್ಲಿ 15 ಸೆಂಟಿಮೀಟರಿನ ಒಂದು ಪ್ಲಾಸ್ಟಿಕ್ ಸ್ಕೇಲಿದೆ. ಅದರ ಮೊದಲ ಐದು ಅಂಕಿಗಳು ಅರ್ಧಂಬರ್ಧ ಅಳಿಸಿಹೋಗಿವೆ. ಫಿಸಿಕ್ಸ್ ಲ್ಯಾಬಿನಲ್ಲಿ ಪಕ್ಕದಲ್ಲಿ ನಿಲ್ಲುವ ಗೆಳತಿ ಒಂದು ದಿನ, "ಹತ್ತು ರೂಪಾಯಿ ಕೊಟ್ಟರೆ ಹೊಸದು ಬರುತ್ತೆ ಕಣೇ, ಇದನ್ನ ಯಾಕೆ ಇನ್ನೂ ಇಟ್ಕೊಂಡಿದ್ದೀಯ?" ಎಂದಳು. ನಾನು ನಕ್ಕು ಸುಮ್ಮನಾದೆ. ಆ ಅಂಕಿಗಳು ಅಳಿಸಿರುವುದು ಸ್ಪಿರಿಟ್ ಹಚ್ಚಿ ಒರೆಸಿ ಒರೆಸಿ. ಒಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಆ ಸ್ಕೇಲಿನಿಂದ ನಾನು ನಮ್ಮ ಅಮ್ಮಿಯ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಿದ್ದೇನೆ.

ಕಾಲೇಜಿನ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಕನ್ನಡ ಮೇಡಂ ಕೇಳಿದಾಗ ಇದನ್ನೇ ಬರೆಯಬೇಕು ಅನ್ನಿಸಿತು. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆದರೆ ಅಮ್ಮಿ ಆಸ್ಪತ್ರೆಯಲ್ಲಿ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡಿದ್ದು ಕನ್ನಡದಲ್ಲಿ. ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. "ಬರಿ. ನನ್ನ ಹೆಸರು ಮಾತ್ರ ಹಾಕಬೇಡ" ಎಂದರು.

ಅಮ್ಮಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವರು. ಅಬ್ಬು ಅದೇ ಪೀಣ್ಯದಲ್ಲಿ ವೆಲ್ಡರ್. ನಮ್ಮ ಮನೆ ಇರುವುದು ಚೊಕ್ಕಸಂದ್ರದ ಕಡೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಡಿಸೆಂಬರಿನ ಒಂದು ಬೆಳಿಗ್ಗೆ ಅಮ್ಮಿ ತಣ್ಣೀರಿನಲ್ಲಿ ಪಾತ್ರೆ ತೊಳೆಯುತ್ತಾ ಕೈ ಮೇಲೆತ್ತಿ ನೋಡಿದರು. ಎರಡು ಬೆರಳು ಸುಣ್ಣ ಬಳಿದ ಹಾಗೆ ಬಿಳಿಚಿದ್ದವು. ಸ್ವಲ್ಪ ಹೊತ್ತಿಗೆ ನೀಲಿಯಾದವು, ಆಮೇಲೆ ಕೆಂಪಾಗಿ ಉರಿಯತೊಡಗಿದವು. "ಚಳಿಗೆ" ಎಂದು ಅಮ್ಮಿ ಕೈ ಒರೆಸಿಕೊಂಡರು. ನಾವೂ ಚಳಿಗೇ ಎಂದುಕೊಂಡೆವು.

ಇದಕ್ಕೆ ರೇನೋ ಎಂಬ ಹೆಸರಿದೆ ಎಂದು ಈಗ ನನಗೆ ಗೊತ್ತು. 1862ರಲ್ಲಿ ಮೊರಿಸ್ ರೇನೋ ಎಂಬ ಫ್ರೆಂಚ್ ವೈದ್ಯ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ. ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡು ರಕ್ತ ನಿಂತು, ಮತ್ತೆ ಹರಿಯುವುದು. ಎಷ್ಟೋ ಜನರಿಗೆ ಇದು ಬರೀ ತೊಂದರೆ, ರೋಗವಲ್ಲ. ಕೆಲವರಿಗೆ ಮಾತ್ರ ಮುಂದೆ ಬರುವ ದೊಡ್ಡ ಕಾಯಿಲೆಯ ಮೊದಲ ಸೂಚನೆ. ಅಮ್ಮಿ ಆ ಕೆಲವರಲ್ಲಿ ಒಬ್ಬರು.

ಮುಂದಿನ ವರ್ಷ ಬೆರಳುಗಳು ಊದಿಕೊಂಡವು. ಮದುವೆಯ ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಸಲ ವಿಟಮಿನ್ ಕೊಟ್ಟರು, ಇನ್ನೊಂದು ಸಲ ವಾತ ಎಂದು ನೋವಿನ ಮಾತ್ರೆ ಕೊಟ್ಟರು. ಊತ ಇಳಿದ ಮೇಲೆ ಚರ್ಮ ಮೊದಲಿನಂತಾಗಲಿಲ್ಲ. ಬೆರಳಿನ ಮೇಲೆ ಚಿವುಟಿದರೆ ಚರ್ಮ ಕೈಗೆ ಸಿಗುತ್ತಿರಲಿಲ್ಲ.

ಆಮೇಲೆ ಮುಖ. ಅದು ಯಾವ ದಿನ ಶುರುವಾಯಿತೆಂದು ನಮಗ್ಯಾರಿಗೂ ಹೇಳಲಾಗದು. ದಿನಾ ನೋಡುವ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ. 2022ರಲ್ಲಿ ಎಲ್ಲರೂ ಕೊರೊನಾ ಮಾಸ್ಕ್ ತೆಗೆದು ಬಿಸಾಡಿದರು, ಅಮ್ಮಿ ತೆಗೆಯಲಿಲ್ಲ. ಧೂಳು ಎಂದರು. ಪೀಣ್ಯದಲ್ಲಿ ಧೂಳಿಗೇನು ಕಡಿಮೆ? ನಾವು ನಂಬಿದೆವು. ಮನೆಯಲ್ಲಿ ಮಾಸ್ಕ್ ತೆಗೆದಾಗ ಮೂಗು ಚೂಪಾಗಿತ್ತು, ತುಟಿ ತೆಳ್ಳಗಾಗಿತ್ತು, ಬಾಯಿಯ ಸುತ್ತ ದಾರ ಎಳೆದು ಕಟ್ಟಿದ ಚೀಲದ ಹಾಗೆ ನೆರಿಗೆಗಳಿದ್ದವು. ಹಣೆ ಮತ್ತು ಕೆನ್ನೆ ಮಾತ್ರ ನುಣ್ಣಗೆ ಹೊಳೆಯುತ್ತಿದ್ದವು. ಪಕ್ಕದ ಮನೆಯ ಆಂಟಿ ಒಂದು ದಿನ, "ನಿಮ್ಮ ಮುಖದಲ್ಲಿ ಒಂದು ಸುಕ್ಕೂ ಇಲ್ವಲ್ಲ, ಯಾವ ಕ್ರೀಮ್ ಹಚ್ತೀರಾ?" ಎಂದು ಕೇಳಿದರು. ಅಮ್ಮಿ ನಗಲು ನೋಡಿದರು. ಮುಖದಲ್ಲಿ ನಗು ಮೂಡಲಿಲ್ಲ.

ಕೆಲಸದಲ್ಲಿ ಮೇಲಿನವರೊಬ್ಬರು, "ಯಾಕಮ್ಮ ಯಾವಾಗಲೂ ಮುಖ ಗಂಟು ಹಾಕ್ಕೊಂಡಿರ್ತೀಯ?" ಎಂದು ಗದರಿದರಂತೆ. ಮನೆಯಲ್ಲಿ ಅಮ್ಮಿ ದೊಡ್ಡ ಚಮಚ ಬಿಟ್ಟು ಟೀ ಚಮಚದಲ್ಲಿ ಊಟ ಮಾಡತೊಡಗಿದರು. ರಮ್ಜಾನಿನಲ್ಲಿ ಇಫ್ತಾರಿನ ಹೊತ್ತಿಗೆ ಖರ್ಜೂರವನ್ನು ಮೂರು ತುಂಡು ಮಾಡಿ ಬಾಯಿಗಿಡುತ್ತಿದ್ದರು. ಆ ತುಂಡು ಮಾಡುವುದಕ್ಕೂ ಬೆರಳು ಬಗ್ಗುತ್ತಿರಲಿಲ್ಲ, ನನ್ನ ತಮ್ಮ ಮಾಡಿಕೊಡುತ್ತಿದ್ದ. ಈದ್ ದಿನ ತೆಗೆದ ಫೋಟೋದಲ್ಲಿ ನಾವೆಲ್ಲ ನಗುತ್ತಿದ್ದೇವೆ. ಅಮ್ಮಿ ನಮ್ಮ ಹಿಂದೆ ನಿಂತಿದ್ದಾರೆ.

ನಾನು ಮಾಡಿದ ತಪ್ಪನ್ನೂ ಇಲ್ಲಿ ಹೇಳಬೇಕು. ಫಸ್ಟ್ ಪಿಯುಸಿಗೆ ಸೇರಿದ ಮೇಲೆ ಪೋಷಕರ ಸಭೆಗೆ ಅಮ್ಮಿ ಬಂದಿದ್ದರು. ನನ್ನ ಅಂಕಗಳನ್ನು ಲೆಕ್ಚರರ್ ಹೊಗಳಿದರೂ ಅಮ್ಮಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೊರಗೆ ಬಂದ ಮೇಲೆ ಒಬ್ಬಳು ಗೆಳತಿ, "ನಿಮ್ಮ ಅಮ್ಮಿ ತುಂಬಾ ಸ್ಟ್ರಿಕ್ಟಾ? ಕೋಪದಲ್ಲಿದ್ದಾರಾ?" ಎಂದು ಕೇಳಿದಳು. ನಾನು "ಹೌದು, ತುಂಬಾ ಸ್ಟ್ರಿಕ್ಟು" ಎಂದೆ. ಕಾಯಿಲೆ ಎಂದು ಹೇಳಲು ನಾಚಿಕೆಯಾಯಿತು. ಅಮ್ಮಿ ಎರಡು ಹೆಜ್ಜೆ ಹಿಂದೆಯೇ ಇದ್ದರು. ಮುಂದಿನ ಸಭೆಗೆ ಅವರು ಬರಲಿಲ್ಲ, ಅಬ್ಬುವನ್ನು ಕಳಿಸಿದರು. ಯಾಕೆಂದು ನಾನೂ ಕೇಳಲಿಲ್ಲ.

ಅಷ್ಟು ಹೊತ್ತಿಗೆ ಇಎಸ್‌ಐ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದರು. ಅಲ್ಲಿನ ಚರ್ಮರೋಗ ವಿಭಾಗದ ಡಾಕ್ಟರ್ ಮೇಡಂ ಅಮ್ಮಿಯ ಕೈ, ಮುಖ ನೋಡಿದರು. ಉಗುರಿನ ಬುಡವನ್ನು ಭೂತಗನ್ನಡಿಯಂಥ ಸಾಧನದಲ್ಲಿ ನೋಡಿದರು. "ಮೂರು ಬೆರಳು ಸೇರಿಸಿ ಬಾಯೊಳಗೆ ಇಡಿ" ಎಂದರು. ಎಷ್ಟು ಪ್ರಯತ್ನಿಸಿದರೂ ಅಮ್ಮಿಗೆ ಎರಡು ಬೆರಳಿಗಿಂತ ಹೆಚ್ಚು ಆಗಲಿಲ್ಲ. ರಕ್ತ ಪರೀಕ್ಷೆ, ಶ್ವಾಸಕೋಶದ ಸ್ಕ್ಯಾನ್ ಎಲ್ಲ ಆದ ಮೇಲೆ ಹೆಸರು ಹೇಳಿದರು: ಸಿಸ್ಟಮಿಕ್ ಸ್ಕ್ಲೀರೋಸಿಸ್. ಸ್ಕ್ಲೀರೋಡರ್ಮಾ ಎಂದೂ ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಗಟ್ಟಿ ಚರ್ಮ.

ಮೇಡಂ ನಮಗೆ ತಿಳಿಯುವ ಹಾಗೆ ಹೇಳಿದರು. ಗಾಯವಾದಾಗ ಅದನ್ನು ಮುಚ್ಚಲು ನಮ್ಮ ಚರ್ಮ ಕೊಲಾಜೆನ್ ಎಂಬ ನಾರನ್ನು ಮಾಡುತ್ತದೆ. ಗಾಯ ಮಾಗಿದ ಮೇಲೆ ನಿಲ್ಲಿಸುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ, ಗಾಯವೇ ಇಲ್ಲದ ಕಡೆಯೂ ನಾರು ಮಾಡುತ್ತಲೇ ಇರಲು ಚರ್ಮಕ್ಕೆ ಅಪ್ಪಣೆ ಕೊಡುತ್ತದೆ. ಚರ್ಮ ಬಿಗಿಯುತ್ತದೆ. ಕೆಲವರಿಗೆ ಶ್ವಾಸಕೋಶ, ಕಿಡ್ನಿ, ಅನ್ನನಾಳಕ್ಕೂ ಹರಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಿದರೂ ಬರುವುದಿಲ್ಲ.

"ಏನು ಕೆಲಸ ಮಾಡ್ತಿದ್ರಿ?" ಎಂದು ಮೇಡಂ ಕೇಳಿದ್ದು ನೆನಪಿದೆ. ಕಲ್ಲಿನ ಸಣ್ಣ ಧೂಳು, ಅಂದರೆ ಸಿಲಿಕಾ, ಮತ್ತು ಕೆಲವು ಸಾಲ್ವೆಂಟುಗಳ ನಡುವೆ ಕೆಲಸ ಮಾಡುವವರಲ್ಲಿ ಈ ಕಾಯಿಲೆ ಹೆಚ್ಚು ಕಂಡಿದೆಯಂತೆ. ಅಮ್ಮಿ ಕೊನೆಯ ಕೆಲವು ವರ್ಷ ಬಟ್ಟೆಯ ಮೇಲಿನ ಎಣ್ಣೆ ಕಲೆ ತೆಗೆಯುವ ಕಡೆ ಇದ್ದರು. ಗನ್ನಿನಲ್ಲಿ ರಾಸಾಯನಿಕ ಸಿಂಪಡಿಸಿ ಕಲೆ ತೆಗೆಯುವ ಕೆಲಸ. "ಅದರಿಂದಲೇ ಬಂತಾ?" ಎಂದು ಅಬ್ಬು ಕೇಳಿದರು. "ಒಬ್ಬರ ವಿಷಯದಲ್ಲಿ ಹಾಗೆ ಹೇಳೋಕಾಗಲ್ಲ. ಆದರೆ ಇನ್ಮೇಲೆ ಆ ಕೆಲಸ ಬೇಡ" ಎಂದರು ಮೇಡಂ.

ಆ ರಾತ್ರಿ ನಾನು ಮೊಬೈಲಿನಲ್ಲಿ ಓದುತ್ತಾ ಕುಳಿತೆ. ಈ ಕಾಯಿಲೆಯ ಮೊದಲ ಸ್ಪಷ್ಟ ವಿವರಣೆ ಬಂದಿದ್ದು 1753ರಲ್ಲಿ, ಇಟಲಿಯ ನೇಪಲ್ಸ್‌ನಿಂದ. ಕಾರ್ಲೋ ಕರ್ಜಿಯೋ ಎಂಬ ವೈದ್ಯ 17 ವರ್ಷದ ಹುಡುಗಿಯೊಬ್ಬಳ ಚರ್ಮ ಗಟ್ಟಿಯಾಗಿ ಬಾಯಿ ಬಿಗಿದುಕೊಂಡಿದ್ದನ್ನು ಬರೆದಿಟ್ಟ. ಅವಳಿಗೆ ನನ್ನದೇ ವಯಸ್ಸು. ಚಿತ್ರಕಾರ ಪಾಲ್ ಕ್ಲೀಗೂ ಇದೇ ಕಾಯಿಲೆ ಇತ್ತೆಂದು ನಂತರದ ವೈದ್ಯರು ಹೇಳುತ್ತಾರೆ. ಅವರು ಕಾಯಿಲೆಯ ನಡುವೆಯೇ 1939ರ ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದರು. ಅವರು ತೀರಿಕೊಂಡ ದಿನವಾದ ಜೂನ್ 29 ಈಗ ವಿಶ್ವ ಸ್ಕ್ಲೀರೋಡರ್ಮಾ ದಿನ. ಇದನ್ನೆಲ್ಲ ಅಮ್ಮಿಗೆ ಹೇಳಿದೆ. ಅಮ್ಮಿ ಕೇಳಿಸಿಕೊಂಡು, "ಆ ನೇಪಲ್ಸ್ ಹುಡುಗಿಗೆ ವಾಸಿಯಾಯ್ತಾ?" ಎಂದರು. ಕರ್ಜಿಯೋ ಬರೆದ ಪ್ರಕಾರ ಅವಳು ಚೇತರಿಸಿಕೊಂಡಳು ಎಂದೆ. "ಸಾಕು" ಎಂದು ಮಲಗಿದರು.

ಬೆರಳಿಗೆ ರಕ್ತ ಹರಿಯಲು ಒಂದು ಮಾತ್ರೆ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಲು ಇನ್ನೊಂದು ಮಾತ್ರೆ ಶುರುವಾಯಿತು. ಕೆಲವು ತಿಂಗಳ ನಂತರ ಮೇಡಂ, "ಮುಖದ ಬಿಗಿತಕ್ಕೆ ಬೆಳಕಿನ ಚಿಕಿತ್ಸೆ ಮಾಡಿ ನೋಡೋಣ" ಎಂದರು. ಎಂಥ ಬೆಳಕು ಎಂದು ಅಬ್ಬು ಕೇಳಿದರು. ಅಲ್ಟ್ರಾವಯಲೆಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಬ್ಬು ಕುರ್ಚಿಯಿಂದ ಎದ್ದೇಬಿಟ್ಟರು.

"ಬೇಡ ಮೇಡಂ. ಆ ಬೆಳಕು ನನಗೆ ಗೊತ್ತು."

ಅಬ್ಬುವಿಗೆ ನಿಜವಾಗಿಯೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ವೆಲ್ಡಿಂಗ್ ಆರ್ಕಿನ ಮುಂದೆ ಕುಳಿತವರು. ಶೀಲ್ಡ್ ಹಿಡಿಯುವುದು ಒಂದು ಕ್ಷಣ ತಡವಾದರೂ ಆ ದಿನ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿಯುತ್ತದೆ. ನಾನು ಚಿಕ್ಕವಳಿದ್ದಾಗ ಎಷ್ಟೋ ರಾತ್ರಿ ಅಮ್ಮಿ ಆಲೂಗಡ್ಡೆ ಹೆಚ್ಚಿ ಅವರ ಕಣ್ಣಿನ ಮೇಲೆ ಇಡುವುದನ್ನು ನೋಡಿದ್ದೇನೆ. ಅವರ ಕತ್ತಿನ ಕೆಳಗೆ, ಶರ್ಟಿನ ಗುಂಡಿ ಬಿಚ್ಚಿರುವ ಕಡೆ, ತ್ರಿಕೋನಾಕಾರದಲ್ಲಿ ಚರ್ಮ ಸುಟ್ಟು ಕಪ್ಪಾಗಿದೆ. ಶರ್ಟಿನ ಕಾಲರ್ ಎಳೆದು ಅದನ್ನೇ ಮೇಡಂಗೆ ತೋರಿಸಿದರು. "ಇದನ್ನ ಅವಳ ಮುಖಕ್ಕೆ ಬಿಡ್ತೀರಾ?"

ಮೇಡಂ ಕೋಪಿಸಿಕೊಳ್ಳಲಿಲ್ಲ. "ಸರಿಯಾಗೇ ಹೆದರಿದ್ದೀರಿ. ಮನೆಗೆ ಹೋಗಿ ಯೋಚನೆ ಮಾಡಿ. ಮಗಳು ಸೈನ್ಸ್ ಓದ್ತಿದ್ದಾಳಲ್ಲ, ಅವಳನ್ನ ಕೇಳಿ" ಎಂದು ಕಳಿಸಿದರು.

ನಾನು ಆಗಿನ್ನೂ ಫಸ್ಟ್ ಪಿಯುಸಿ ಮುಗಿಸಿದ್ದೆ. ಸೀನಿಯರ್ ಅಕ್ಕನ ಹತ್ತಿರ ಸೆಕೆಂಡ್ ಪಿಯುಸಿ ಫಿಸಿಕ್ಸ್ ಪುಸ್ತಕ ತಂದು ವಿದ್ಯುತ್ಕಾಂತೀಯ ಅಲೆಗಳ ಪಾಠ ತೆಗೆದೆ. ಅಲ್ಟ್ರಾವಯಲೆಟ್ ಬಗ್ಗೆ ಇರುವ ಭಾಗದಲ್ಲಿ ವೆಲ್ಡರುಗಳ ಮಾತೂ ಇದೆ. ಆರ್ಕಿನಿಂದ ಬರುವ ಕಿರಣದಿಂದ ಕಣ್ಣು ಉಳಿಸಿಕೊಳ್ಳಲು ಅವರು ವಿಶೇಷ ಗಾಜಿನ ಕನ್ನಡಕ ಹಾಕುತ್ತಾರೆ ಎಂದು. ಅಬ್ಬುವಿಗೆ ಓದಿ ಹೇಳಿದೆ. ತಮ್ಮ ಕೆಲಸ ಕಾಲೇಜು ಪುಸ್ತಕದಲ್ಲಿದೆ ಎಂದು ಅವರಿಗೆ ಆಶ್ಚರ್ಯ. "ನೋಡು, ಪುಸ್ತಕದಲ್ಲೂ ಅಪಾಯ ಅಂತಲೇ ಬರೆದಿದ್ದಾರೆ" ಎಂದರು.

ನಂತರ ನನಗೆ ಅರ್ಥವಾದದ್ದನ್ನು ಒಂದೊಂದಾಗಿ ಹೇಳಿದೆ. ಅಲ್ಟ್ರಾವಯಲೆಟ್ ಎಂಬುದು ಒಂದೇ ಬೆಳಕಲ್ಲ. ತರಂಗಾಂತರ 280 ನ್ಯಾನೋಮೀಟರಿಗಿಂತ ಕಡಿಮೆ ಇರುವುದು ಸಿ, ಅಲ್ಲಿಂದ ಸುಮಾರು 320ರವರೆಗೆ ಬಿ, 320ರಿಂದ 400ರವರೆಗೆ ಎ. ವೆಲ್ಡಿಂಗ್ ಆರ್ಕಿನಲ್ಲಿ ಮೂರೂ ಒಟ್ಟಿಗೆ ನುಗ್ಗಿ ಬರುತ್ತವೆ. ಕಣ್ಣು ಉರಿಸುವುದು ಮುಖ್ಯವಾಗಿ ಸಿ ಮತ್ತು ಬಿ. ಅವು ಚರ್ಮದ ಮೇಲ್ಪದರದಲ್ಲೇ ನಿಂತು ಸುಡುತ್ತವೆ. ಎ ಕಿರಣದ ತರಂಗಾಂತರ ಉದ್ದ, ಆದ್ದರಿಂದ ಕೆಳಗಿನ ಪದರದವರೆಗೆ ಇಳಿಯುತ್ತದೆ. ಕೊಲಾಜೆನ್ ನಾರು ಕಟ್ಟಿಕೊಂಡಿರುವುದು ಆ ಕೆಳಗಿನ ಪದರದಲ್ಲೇ. ಅಲ್ಲಿ ಈ ಕಿರಣ ಬಿದ್ದಾಗ ಚರ್ಮದ ಕೋಶಗಳು ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಹೆಚ್ಚು ಮಾಡುತ್ತವೆ. ಹೊಸ ನಾರು ಮಾಡುವುದು ತಗ್ಗುತ್ತದೆ. ಅಲ್ಲಿ ಗುಂಪುಗೂಡಿದ ರಕ್ಷಣಾ ಕೋಶಗಳೂ ಕಡಿಮೆಯಾಗುತ್ತವೆ.

ಅಬ್ಬು ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ಇನ್ನೊಂದು ವಿಷಯ ಹೇಳಿದೆ. ಬೆಳಕಿನ ಚಿಕಿತ್ಸೆಗೆ 1903ರಲ್ಲೇ ನೊಬೆಲ್ ಬಹುಮಾನ ಬಂದಿದೆ. ಅದನ್ನು ಪಡೆದವರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ಚರ್ಮದ ಕ್ಷಯಕ್ಕೆ ಅವರು ಬೆಳಕಿನಿಂದ ಚಿಕಿತ್ಸೆ ಕೊಟ್ಟರು. ಅವರು ಬಳಸಿದ ದೀಪ ಯಾವುದು ಗೊತ್ತಾ ಅಬ್ಬು? ಕಾರ್ಬನ್ ಆರ್ಕ್. ಎರಡು ಕಾರ್ಬನ್ ಕಡ್ಡಿಗಳ ನಡುವೆ ವಿದ್ಯುತ್ ಹಾರಿಸಿ ಮಾಡುವ ಬೆಳಕು. ಮುಂದೆ ಮಸೂರ ಇಟ್ಟು, ನೀರಿನಿಂದ ಬಿಸಿ ತಗ್ಗಿಸಿ, ಬೇಕಾದಷ್ಟನ್ನು ಬೇಕಾದ ಕಡೆಗೆ ಬಿಡುತ್ತಿದ್ದರು.

"ಆರ್ಕಾ?" ಎಂದರು ಅಬ್ಬು. ತುಂಬಾ ಹೊತ್ತು ಮಾತಾಡಲಿಲ್ಲ. "ನಾವೂ ಆಂಪಿಯರ್ ನೋಡಿಕೊಂಡೇ ಹಾಕ್ತೀವಿ. ಜಾಸ್ತಿ ಇಟ್ರೆ ತಗಡು ತೂತಾಗುತ್ತೆ, ಕಡಿಮೆ ಇಟ್ರೆ ಹಿಡಿಯಲ್ಲ. ಅಳತೆ ಗೊತ್ತಿರೋರ ಕೈಲಿದ್ರೆ ಸರಿ" ಎಂದರು. ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ನಮ್ಮ ಜೊತೆ ಬಂದರು.

ಈ ಕಾಯಿಲೆಗೆ ಈಚೆಗೆ ಹೆಚ್ಚು ಪ್ರಯೋಗವಾಗಿರುವುದು ಯುವಿಎ-1 ಎಂಬ, 340ರಿಂದ 400 ನ್ಯಾನೋಮೀಟರಿನ ಬೆಳಕು. ಬಿಗಿದ ಬಾಯಿಗೆ ಅದರಿಂದ ಪ್ರಯೋಜನವಾದ ಬಗ್ಗೆ 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯೂ ಬಂದಿದೆ. ಆದರೆ ಆ ಯಂತ್ರ ಎಲ್ಲ ಕಡೆ ಇಲ್ಲ, ಅಮ್ಮಿ ಹೋಗುವ ಆಸ್ಪತ್ರೆಯಲ್ಲೂ ಇರಲಿಲ್ಲ. ಅಲ್ಲಿದ್ದದ್ದು ಪುವಾ. ಸೋರಲೆನ್ ಎಂಬ ಮಾತ್ರೆ ಕೊಟ್ಟು, ಎರಡು ಗಂಟೆ ಬಿಟ್ಟು, ಎ ಕಿರಣ ಬಿಡುವ ಪದ್ಧತಿ. ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ, ಹಾಗಾಗಿ ಸ್ವಲ್ಪ ಬೆಳಕೇ ಸಾಕಾಗುತ್ತದೆ.

ಈ ಸೋರಲೆನ್ ಕಥೆ ನನಗೆ ತುಂಬಾ ಇಷ್ಟವಾಯಿತು. ನಮ್ಮಲ್ಲಿ ತೊನ್ನಿಗೆ ಹಚ್ಚುವ ಬಾವಂಚಿ ಬೀಜದಲ್ಲಿ ಇದು ಇದೆ. ನೈಲ್ ನದಿಯ ದಡದಲ್ಲಿ ಬೆಳೆಯುವ ಅಮ್ಮಿ ಮೇಜಸ್ ಎಂಬ ಗಿಡದಲ್ಲೂ ಇದೆ. ಗಿಡದ ಹೆಸರು ಕೇಳಿ ನನ್ನ ತಮ್ಮ ಬಿದ್ದು ಬಿದ್ದು ನಕ್ಕ. ಆ ಗಿಡದ ಔಷಧಿ ತೆಗೆದುಕೊಂಡು ಬಿಸಿಲಿನಲ್ಲಿ ಕೂರುವ ಚಿಕಿತ್ಸೆಯನ್ನು ಇಬ್ನ್ ಅಲ್-ಬೈತಾರ್ ಎಂಬ ವಿದ್ವಾಂಸರು ಹದಿಮೂರನೇ ಶತಮಾನದಲ್ಲೇ ದಾಖಲಿಸಿದ್ದಾರೆ. ಅವರು ಹುಟ್ಟಿದ್ದು ಸ್ಪೇನಿನ ಮಾಲಗಾದಲ್ಲಿ, 1248ರಲ್ಲಿ ತೀರಿಕೊಂಡಿದ್ದು ದಮಾಸ್ಕಸ್ಸಿನಲ್ಲಿ. 1940ರ ದಶಕದಲ್ಲಿ ಕೈರೋದ ಡಾ. ಅಬ್ದುಲ್ ಮುನಿಮ್ ಎಲ್-ಮೊಫ್ತಿ ಅದೇ ಗಿಡದಿಂದ ಬೇರ್ಪಡಿಸಿದ ಸೋರಲೆನ್ ಹರಳುಗಳನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದರು. 1974ರಲ್ಲಿ ಅಮೆರಿಕದ ವೈದ್ಯರು ಬಿಸಿಲಿನ ಬದಲು ದೀಪ ಬಳಸಿ ಸೋರಿಯಾಸಿಸ್‌ಗೆ ಚಿಕಿತ್ಸೆ ಮಾಡಿದ ಮೇಲೆ ಪುವಾ ಎಂಬ ಹೆಸರು ಎಲ್ಲೆಡೆ ಹರಡಿತು. ದಮಾಸ್ಕಸ್, ಕೈರೋ ಎಲ್ಲ ಸುತ್ತಿ ಆ ಮಾತ್ರೆ ಚೊಕ್ಕಸಂದ್ರದ ನಮ್ಮ ಅಡುಗೆಮನೆಯ ಡಬ್ಬಿಗೆ ಬಂದಿತ್ತು.

ಶುರು ಮಾಡುವ ಮೊದಲು ಮೇಡಂ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿದರು. ಲೂಪಸ್ ಎಂಬ ಕಾಯಿಲೆ ಜೊತೆಗಿದ್ದರೆ ಇದೇ ಬೆಳಕು ಅದನ್ನು ಕೆರಳಿಸುತ್ತದಂತೆ. ಅಮ್ಮಿಗೆ ಇರಲಿಲ್ಲ. ವಾರಕ್ಕೆ ಮೂರು ದಿನ ಹೋಗಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಂಡರೆ ವಾಕರಿಕೆ, ಆದ್ದರಿಂದ ಉಪ್ಪಿಟ್ಟೋ ಬ್ರೆಡ್ಡೋ ತಿಂದು ಮಾತ್ರೆ ನುಂಗಿ ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತುತ್ತಿದ್ದೆವು. ನನಗೆ ರಜೆ ಇದ್ದುದರಿಂದ ಜೊತೆಗೆ ನಾನೇ ಹೋಗುತ್ತಿದ್ದೆ. ಅಮ್ಮಿ ಕೆಲಸಕ್ಕೆ ರಜೆ ಹಾಕಿದ್ದರು. ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ ಎಂದು ನಮಗೆ ಗೊತ್ತಾಗಿದ್ದು ಆಗಲೇ. ಕಾರ್ಖಾನೆಗೆ ಹೋಗುವ ತಂದೆ ತಾಯಿ ಇರುವ ಗೆಳೆಯರು ಇದನ್ನು ತಿಳಿದಿಟ್ಟುಕೊಳ್ಳಿ.

ಚಿಕಿತ್ಸೆಯ ಕೋಣೆಯಲ್ಲಿ ಬೀರುವಿನಂಥ ಒಂದು ಪೆಟ್ಟಿಗೆ. ಒಳಗೆ ಉದ್ದಕ್ಕೂ ಟ್ಯೂಬ್‌ಲೈಟುಗಳು. ಅಮ್ಮಿಗೆ ಕಪ್ಪು ಗಾಗಲ್ಸ್ ಹಾಕಿ, ಮುಖ ಕತ್ತು ಬಿಟ್ಟು ಉಳಿದದ್ದನ್ನೆಲ್ಲ ಬಟ್ಟೆಯಿಂದ ಮುಚ್ಚಿ ನಿಲ್ಲಿಸಿದರು. ಮೊದಲ ದಿನ ಚದರ ಸೆಂಟಿಮೀಟರಿಗೆ ಒಂದೇ ಜೂಲ್. ದೀಪದ ಶಕ್ತಿ ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್ ಎಂದು ಟೆಕ್ನಿಷಿಯನ್ ಅಣ್ಣ ಹೇಳಿದರು. ನಾನು ಮನಸ್ಸಿನಲ್ಲೇ ಭಾಗಿಸಿದೆ: 100 ಸೆಕೆಂಡು. ಬಾಗಿಲು ಮುಚ್ಚಿತು, ಸಂದಿಯಲ್ಲಿ ನೀಲಿ ಬೆಳಕು ಕಂಡಿತು. ನಾನು ನೂರರವರೆಗೆ ಎಣಿಸಿದೆ. ಜೀವನದಲ್ಲಿ ಅಷ್ಟು ನಿಧಾನವಾಗಿ ಎಂದೂ ಎಣಿಸಿಲ್ಲ. ಹೊರಗೆ ಬಂದ ಅಮ್ಮಿ, "ಇಷ್ಟೇನಾ? ಇದಕ್ಕಾ ನಿಮ್ಮಪ್ಪ ಅಷ್ಟು ಗಲಾಟೆ ಮಾಡಿದ್ದು?" ಎಂದರು.

ಕಷ್ಟ ಇದ್ದದ್ದು ಆಮೇಲೆ. ಮಾತ್ರೆಯ ಪ್ರಭಾವ ಇಳಿಯುವವರೆಗೂ ಬಿಸಿಲು ಬೀಳಬಾರದು, ಕಣ್ಣಿಗೆ ಕಪ್ಪು ಕನ್ನಡಕ ತೆಗೆಯಬಾರದು. ಎ ಕಿರಣ ಸಾಮಾನ್ಯ ಗಾಜನ್ನೂ ಬಹುಪಾಲು ದಾಟಿ ಬರುತ್ತದೆ. ಅದಕ್ಕೇ ಮೆಟ್ರೋದಲ್ಲಿ ಬಿಸಿಲು ಯಾವ ಕಿಟಕಿಯಿಂದ ಬರುತ್ತಿದೆ ನೋಡಿ ಅಮ್ಮಿಯನ್ನು ಅದಕ್ಕೆ ಬೆನ್ನು ಮಾಡಿ ಕೂರಿಸುತ್ತಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ಜಾಲಹಳ್ಳಿ ಕ್ರಾಸಿನಿಂದ ಕೊಡೆ ಹಿಡಿದು, ದುಪಟ್ಟಾ ಸುತ್ತಿ, ಕಪ್ಪು ಕನ್ನಡಕ ಹಾಕಿ ನಡೆಯುವ ಅಮ್ಮಿಯನ್ನು ಜನ ತಿರುಗಿ ನೋಡುತ್ತಿದ್ದರು.

ಎರಡು ವಾರ ಕಳೆಯುವಷ್ಟರಲ್ಲಿ ಮುಖ ಕಪ್ಪಾಯಿತು. ಹಾಗಾಗುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೂ ಒಂದು ನಿಕಾಹ್‌ನಲ್ಲಿ ನೆಂಟರೊಬ್ಬರು ಎಲ್ಲರ ಮುಂದೆ, "ಅಯ್ಯೋ, ಎಷ್ಟು ಬೆಳ್ಳಗಿದ್ದವಳು ಹೇಗಾಗಿಬಿಟ್ಟೆ!" ಎಂದಾಗ ನನಗೆ ಅಳು ಬಂತು. ಇನ್ನು ಚಿಕಿತ್ಸೆ ಬೇಡ ಎನ್ನುತ್ತಾರೆ ಎಂದುಕೊಂಡೆ. ಅಮ್ಮಿ ಮನೆಗೆ ಬಂದು, "ಬೆಳ್ಳಗಿದ್ದಾಗ ಬಾಯಿ ತೆರೀತಿರಲಿಲ್ಲ. ಬಣ್ಣ ಇಟ್ಕೊಂಡು ಏನು ಮಾಡಲಿ?" ಎಂದಷ್ಟೇ ಹೇಳಿ, ಮರುದಿನದ ಮಾತ್ರೆಯನ್ನು ತೆಗೆದಿಟ್ಟರು.

ಸ್ಕೇಲು ಬಂದದ್ದು ಈ ದಿನಗಳಲ್ಲೇ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ತುದಿಯ ನಡುವೆ ಎಷ್ಟು ಜಾಗ ಎಂದು ಅಳೆದು ಬರೆಯಿರಿ ಎಂದರು ಮೇಡಂ. ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಮೀಟರಿಗಿಂತ ಹೆಚ್ಚಿರುತ್ತದೆ. ಅಮ್ಮಿಯದು ಮೊದಲ ದಿನ 28. ಸಂತೋಷಪಟ್ಟೆ. ಎರಡನೇ ವಾರ ನೋಡಿದರೆ ನಾನು ಸ್ಕೇಲಿನ ಸೊನ್ನೆಯನ್ನು ಹಲ್ಲಿನ ತುದಿಗೆ ಸರಿಯಾಗಿ ಇಟ್ಟಿರಲಿಲ್ಲ. ಅಳತೆ 4 ಮಿಲಿಮೀಟರು ಹೆಚ್ಚಾಗಿ ಬಂದಿತ್ತು. ಲ್ಯಾಬಿನಲ್ಲಿ ಸರ್ ಎಷ್ಟು ಸಲ ಹೇಳಿದ್ದರು, ಮೊದಲು ಶೂನ್ಯ ದೋಷ ನೋಡಿ ಎಂದು! ನಿಜವಾದ ಅಳತೆ ಎಷ್ಟು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೂ ಹೇಳಿದೆ: 24. "ಸುಳ್ಳು 28ಕ್ಕಿಂತ ನಿಜವಾದ 24 ವಾಸಿ" ಎಂದರು ಅಮ್ಮಿ.

ಬೆಳಕಿನ ಜೊತೆಗೆ ಮುಖದ ವ್ಯಾಯಾಮವೂ ಇತ್ತು. ಕೆನ್ನೆ ಉಬ್ಬಿಸುವುದು, ತುಟಿ ಮುಂದೆ ಚಾಚುವುದು, ಹೆಬ್ಬೆರಳುಗಳನ್ನು ಬಾಯಿಯ ಎರಡೂ ಮೂಲೆಗೆ ಇಟ್ಟು ಮೆಲ್ಲಗೆ ಎಳೆಯುವುದು, ಆದಷ್ಟು ದೊಡ್ಡದಾಗಿ ನಗುವುದು. ದಿನಕ್ಕೆ ಎರಡು ಸಲ ಅಮ್ಮಿ ಕನ್ನಡಿಯ ಮುಂದೆ ಕುಳಿತರೆ ತಮ್ಮ ಪಕ್ಕದಲ್ಲಿ ಕುಳಿತು ಅಣಕಿಸುತ್ತಿದ್ದ. ಒಂದು ಸಂಜೆ ಅಬ್ಬುವೂ ಸೇರಿಕೊಂಡರು. ನಾಲ್ಕು ಜನ ಸಾಲಾಗಿ ಕೆನ್ನೆ ಉಬ್ಬಿಸಿ ಕುಳಿತಿದ್ದನ್ನು ಪಕ್ಕದ ಮನೆಯ ಆಂಟಿ ನೋಡಿ ಏನೆಂದುಕೊಂಡರೋ!

24, 24, 25, 25. ಫಿಸಿಕ್ಸ್ ರೆಕಾರ್ಡಿನ ಕೊನೆಯ ಪುಟದಲ್ಲಿ ಹೀಗೆ ಬರೆಯುತ್ತಾ ಹೋದೆ. ಒಂದು ವಾರ ಮತ್ತೆ 24ಕ್ಕೆ ಇಳಿಯಿತು, ಆ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ 29. ಒಟ್ಟು 30 ಸಲ ಬೆಳಕು ಕೊಟ್ಟು ನಿಲ್ಲಿಸಿದಾಗ 31. ಹಣೆಯ ಚರ್ಮ ಬೆರಳಿಗೆ ಸ್ವಲ್ಪ ಸಿಗತೊಡಗಿತು.

ಏಳು ಮಿಲಿಮೀಟರ್ ಅಂದರೆ ಎಷ್ಟು? ನಮ್ಮ ಪೆನ್ಸಿಲ್ಲಿನ ದಪ್ಪ. ಆದರೆ ಅಷ್ಟರಲ್ಲಿ ಹಲ್ಲುಜ್ಜುವ ಬ್ರಷ್ ಹಿಂದಿನ ಹಲ್ಲಿಗೆ ತಲುಪುತ್ತದೆ. ದೊಡ್ಡ ಚಮಚ ಹಿಡಿಸುತ್ತದೆ. ತುತ್ತು ಮಾಡಿ ಕೈಯಿಂದ ಊಟ ಮಾಡಬಹುದು. ಮಾತಿನಲ್ಲಿ ಪ, ಬ, ಮ ಅಕ್ಷರಗಳು ಸ್ಪಷ್ಟವಾಗುತ್ತವೆ. ಈ ಸಲ ರಮ್ಜಾನಿನಲ್ಲಿ ಅಮ್ಮಿ ಖರ್ಜೂರವನ್ನು ಇಡಿಯಾಗಿ ಬಾಯಿಗಿಟ್ಟುಕೊಂಡರು. ತಮ್ಮ ಅಭ್ಯಾಸದ ಮೇಲೆ ತುಂಡು ಮಾಡಲು ಕೈ ಚಾಚಿದವನು ಹಾಗೇ ನಿಂತುಬಿಟ್ಟ.

ಇದು ಪವಾಡ ಎಂದು ನಾನು ಹೇಳುತ್ತಿಲ್ಲ. ಮಾತ್ರೆ, ವ್ಯಾಯಾಮ, ಬೆಳಕು ಮೂರೂ ಒಟ್ಟಿಗೆ ನಡೆದಿವೆ. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು ಎಂದು ಮೇಡಂ ಹೇಳಿದ್ದಾರೆ. ಈ ಬೆಳಕಿನ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು, ಎಲ್ಲರಿಗೂ ಒಂದೇ ಫಲ ಸಿಕ್ಕಿಲ್ಲ. ಹೆಚ್ಚಾದರೆ ಚರ್ಮದ ಕ್ಯಾನ್ಸರಿನ ಅಪಾಯವೂ ಇರುವುದರಿಂದ ಎಷ್ಟು ಸಲ, ಎಷ್ಟು ಜೂಲ್ ಎಂದು ಲೆಕ್ಕ ಇಡುತ್ತಾರೆ. ಬೆಳಕು ಚರ್ಮಕ್ಕಷ್ಟೇ. ಶ್ವಾಸಕೋಶಕ್ಕೆ, ಕಿಡ್ನಿಗೆ ಬೇರೆ ಪರೀಕ್ಷೆ, ಬೇರೆ ಔಷಧಿ ಮುಂದುವರಿದಿದೆ. ಅಮ್ಮಿ ಈಗಲೂ ಚಳಿಗಾಲದಲ್ಲಿ ಕೈಗವಸು ಹಾಕುತ್ತಾರೆ. ಕಲೆ ತೆಗೆಯುವ ಕೆಲಸ ಬಿಟ್ಟಿದ್ದಾರೆ. ಮನೆಯಲ್ಲೇ ಸಣ್ಣಪುಟ್ಟ ಹೊಲಿಗೆ ಮಾಡುತ್ತಾರೆ.

ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಚಳಿಗೆ ಬೆರಳು ಬಿಳಿಚಿ ನೀಲಿಯಾಗಿ, ಜೊತೆಗೆ ಬೆರಳು ಊದಿಕೊಳ್ಳುತ್ತಿದ್ದರೆ ನಮ್ಮ ಹಾಗೆ ಎರಡು ವರ್ಷ ಕಾಯಬೇಡಿ, ವೈದ್ಯರಿಗೆ ತೋರಿಸಿ. ಈ ಲೇಖನ ಓದಿ ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿನಲ್ಲಿ ಕೂರಬೇಡಿ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಅಬ್ಬು ಹೇಳಿದಂತೆ ಅಳತೆ ಗೊತ್ತಿರುವವರ ಕೈಯಲ್ಲಿದ್ದರೆ ಮಾತ್ರ ಅದು ಔಷಧಿ. ಇನ್ನೊಂದು ಮಾತು. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಕಾಲೇಜಿನ ಗೇಟಿನಲ್ಲಿ ಯಾರಾದರೂ ನಗದೆ ನಿಂತಿದ್ದರೆ ಅವರು ಕೋಪದವರು, ಜಂಬದವರು ಎಂದು ತಟ್ಟನೆ ತೀರ್ಮಾನಿಸಬೇಡಿ. ನಗು ಮುಖಕ್ಕೆ ಬರದಿದ್ದರೂ ಒಳಗೆ ಇರಬಹುದು.

ಫಸ್ಟ್ ಪಿಯುಸಿಯಲ್ಲಿ ನನ್ನನ್ನು ಕೇಳಿದ ಗೆಳತಿಗೂ ಇಲ್ಲೇ ಉತ್ತರ ಹೇಳುತ್ತಿದ್ದೇನೆ. ನಮ್ಮ ಅಮ್ಮಿ ಸ್ಟ್ರಿಕ್ಟ್ ಅಲ್ಲ. ಆ ದಿನ ನನ್ನ ಅಂಕ ಕೇಳಿ ಅವರು ತುಂಬಾ ಸಂತೋಷಪಟ್ಟಿದ್ದರು. ಅದು ಕಾಣಲಿಲ್ಲ ಅಷ್ಟೇ. ಅವರು ಹಿಂದೆಯೇ ಇದ್ದಾರೆಂದು ಗೊತ್ತಿದ್ದೂ ನಾನು ನಿನಗೆ ಸುಳ್ಳು ಹೇಳಿದೆ.

ಹೋದ ತಿಂಗಳ ಪೋಷಕರ ಸಭೆಗೆ ಅಬ್ಬು ಹೊರಟು ನಿಂತಿದ್ದಾಗ ಅಮ್ಮಿ, "ನೀವು ಕೆಲಸಕ್ಕೆ ಹೋಗಿ, ನಾನು ಹೋಗ್ತೀನಿ" ಎಂದರು. ಮಾಸ್ಕನ್ನು ಕೈಗೆ ತೆಗೆದುಕೊಂಡು, ಸ್ವಲ್ಪ ಯೋಚಿಸಿ, ಬ್ಯಾಗಿನಲ್ಲಿ ಇಟ್ಟುಕೊಂಡರು. ಬೇಕಾದರೆ ಇರಲಿ ಎಂದು. ಕಾಲೇಜಿನ ಗೇಟು ದಾಟುವಾಗ ನಾನು ಅವರ ಕೈ ಹಿಡಿದುಕೊಂಡೆ. ಬೆರಳು ತಣ್ಣಗಿದ್ದವು. ಸಭೆ ಮುಗಿಯುವವರೆಗೂ ಮಾಸ್ಕ್ ಬ್ಯಾಗಿನಲ್ಲೇ ಇತ್ತು.